ನಿಮಿಷಕ್ಕೆ ಇಪ್ಪತ್ತು

ಚೆಂಬೂರು
9 ಜೂನ್ 2024

ಸಪ್ನಾಳಿಗೆ,

ಕಾಗದದ ತಲೆಯಲ್ಲಿ ಆಶೀರ್ವಾದ ಬರೆಯುವುದು ರೂಢಿ. ಈ ಸಲ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ.

ಫೋನು ಮಾಡದೆ ಕಾಗದ ಬರೆಯಲು ಎರಡು ಕಾರಣ. ನರ್ಸಿಂಗ್ ಸ್ಕೂಲಿನಿಂದ ನಿವೃತ್ತಳಾದ ಮೇಲೆ ನನ್ನ ಕಿವಿ ಪೂರ್ತಿ ಕೈಕೊಟ್ಟಿದೆ. ಫೋನಿನಲ್ಲಿ ಯಾರು ಏನಂದರೂ ನನಗೆ ಬರೀ ಗೊರಗೊರ. ಎರಡನೆಯದು, ನೀನು ಏನು ಹೇಳುತ್ತೀಯೋ ಅದು ನನಗೆ ನಿನ್ನ ಕೈಬರಹದಲ್ಲಿ ಬೇಕು. ಕನ್ನಡದಲ್ಲೇ ಬರಿ. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದು ನಮ್ಮಂಥವರಿಗೆ ಸುಲಭ.

ಕಳೆದ ಭಾನುವಾರ, ಜೂನ್ ಎರಡರಂದು, ವಿಕ್ರೋಳಿಯಲ್ಲಿ ನೀನು ಕೆಲಸ ಮಾಡುವ ನರ್ಸಿಂಗ್ ಹೋಮಿನ ಜನರಲ್ ವಾರ್ಡಿನಲ್ಲಿ, ಹನ್ನೊಂದನೆಯ ಮಂಚದ ಮೇಲೆ, ನಮ್ಮ ಯಜಮಾನರು ನಂಜುಂಡ ಅವರು ತೀರಿಕೊಂಡರು. ನಿನಗೆ ಗೊತ್ತಿದೆ. ಡ್ಯೂಟಿಯಲ್ಲಿ ಇದ್ದವಳು ನೀನೇ. ಶುಕ್ರವಾರ ನ್ಯುಮೋನಿಯಾ ಎಂದು ಸೇರಿಸಿದ್ದು. ಭಾನುವಾರ ಮಧ್ಯಾಹ್ನ ಒಂದಕ್ಕೆ ನಾನು ಸ್ನಾನಕ್ಕೆಂದು ಮನೆಗೆ ಬಂದೆ. ಐದಕ್ಕೆ ವಾಪಸು ಹೋದಾಗ ಅವರು ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದರು. ವಾಚು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. ಮೂವತ್ತೆಂಟು. ಆಮೇಲೆ ಡಾಕ್ಟರು ಬಂದರು, ಆಕ್ಸಿಜನ್ ಬಂತು, ಎಲ್ಲರೂ ಓಡಾಡಿದರು. ಆರೂ ಇಪ್ಪತ್ತಕ್ಕೆ ಎಲ್ಲ ಮುಗಿಯಿತು.

ಕೇಸ್ ಪೇಪರಿನ ನಕಲು ಕೇಳಿ ಪಡೆದಿದ್ದೇನೆ. ಉಸಿರಿನ ಸಾಲು ನಿನ್ನ ಅಕ್ಷರದಲ್ಲಿದೆ. ಒಂದು ಗಂಟೆಗೆ ನಿಮಿಷಕ್ಕೆ ಇಪ್ಪತ್ತು. ಎರಡಕ್ಕೆ ಇಪ್ಪತ್ತು, ಮೂರಕ್ಕೆ ಇಪ್ಪತ್ತು, ನಾಲ್ಕಕ್ಕೆ ಇಪ್ಪತ್ತು. ಐದಕ್ಕೆ, ನಾನು ಮೂವತ್ತೆಂಟು ಎಣಿಸುತ್ತಾ ನಿಂತಿದ್ದ ಹೊತ್ತಿಗೆ, ನೀನು ಅದೆಲ್ಲೋ ಕೂತು ಬರೆದದ್ದು ಇಪ್ಪತ್ತು.

ಮೂರು ವರ್ಷ ನಿನಗೆ ಪಾಠ ಹೇಳಿದವಳು ನಾನು. ಜ್ವರಕ್ಕೆ ಥರ್ಮಾಮೀಟರಿದೆ, ಬಿಪಿಗೆ ಯಂತ್ರವಿದೆ, ಉಸಿರಿಗೆ ಮಾತ್ರ ನಿನ್ನ ಕಣ್ಣು, ನಿನ್ನ ವಾಚು, ನಿನ್ನ ಒಂದು ನಿಮಿಷ ಎಂದು ಎಷ್ಟು ಸಲ ಹೇಳಿದ್ದೇನೆ. ಮೂರನೆಯ ವರ್ಷದಲ್ಲಿ, ಬೆಳಿಗ್ಗೆಯೇ ಎಕ್ಸ್‌ರೇಗೆ ಹೋಗಿ ಮಂಚದಲ್ಲೇ ಇಲ್ಲದ ಹೆಂಗಸಿನ ಉಸಿರು ಇಪ್ಪತ್ತು ಎಂದು ಬರೆದು ನನ್ನ ಕೈಗೆ ಸಿಕ್ಕಿಬಿದ್ದವಳು ನೀನು. ಅದಕ್ಕೇ ಆರು ತಿಂಗಳು ನಿನ್ನನ್ನು ಪರೀಕ್ಷೆಗೆ ಕೂರಿಸದೆ ತಡೆದೆ. ಸಾಲಲಿಲ್ಲವೆಂದು ಕಾಣುತ್ತದೆ.

ಆ ಮಧ್ಯಾಹ್ನ ನೀನು ಎಣಿಸಿದೆಯಾ? ಹೌದು ಅಥವಾ ಇಲ್ಲ. ಉಳಿದ ಪುರಾಣ ಬೇಡ.

ಅಲಮೇಲು


ಜೋಗೇಶ್ವರಿ
24 ಜೂನ್ 2024

ಅಲಮೇಲು ಮೇಡಮ್‌ಗೆ,

ನಿಮ್ಮ ರಿಜಿಸ್ಟರ್ಡ್ ಕಾಗದ ಬಂದ ದಿನ ನಮ್ಮ ಚಾಳಿನ ಸಾಲುಮನೆಗಳಲ್ಲಿ ಪೇಢೆ ಹಂಚುವುದೊಂದು ಬಾಕಿ ಇತ್ತು. ಸಹಿ ಮಾಡಿ ತೆಗೆದುಕೊಂಡವನು ನಮ್ಮಪ್ಪ ಭೀಮರಾಯ. ಬಿಲ್ಡಿಂಗುಗಳ ಗೇಟು ಕಾಯುವವನಿಗೆ ಸಹಿ ಹಾಕಿಸಿಕೊಂಡು ಬರುವ ಕಾಗದವೆಂದರೆ ಒಂದೇ ಅರ್ಥ. "ಸಪ್ನಾಗ ಸರಕಾರಿ ದವಾಖಾನಿ ಆರ್ಡರ್ ಬಂತ ನೋಡ್ರಿ" ಎಂದು ನಾಲ್ಕು ಖೋಲಿಗೆ ಸಾರಿ ಬಂದ. ನಾನು ಡ್ಯೂಟಿ ಮುಗಿಸಿ ಬಂದು ಒಡೆದು ನೋಡಿದರೆ ಒಳಗೆ ನೀವು.

ನಿಮ್ಮ ಯಜಮಾನರು ಹೋದದ್ದು ನನಗೂ ಕೆಟ್ಟದೆನಿಸಿದೆ. ಒಳ್ಳೆಯ ಮನುಷ್ಯ. ವಾರ್ಡಿನಲ್ಲಿ ಎಲ್ಲರೂ ಸಿಸ್ಟರ್, ಸಿಸ್ಟರ್ ಎಂದು ಹರಿದು ತಿನ್ನುವಾಗ ಅವರೊಬ್ಬರು ತಾಯಿ ಎನ್ನುತ್ತಿದ್ದರು. ಆದರೆ ನೀವು ಬರೆದದ್ದು ದುಃಖ ಹಂಚಿಕೊಳ್ಳಲು ಅಲ್ಲ, ನನಗೆ ಅಷ್ಟು ತಿಳಿಯುತ್ತದೆ.

ನಿಮ್ಮ ಸ್ಕೂಲಿನಲ್ಲಿ ಒಬ್ಬ ಪೇಶಂಟಿನ ಸುತ್ತ ಆರು ಹುಡುಗಿಯರು ನಿಲ್ಲುತ್ತಿದ್ದೆವು. ನಡುವೆ ನೀವು, ಕೈಯಲ್ಲಿ ಪಟ್ಟಿ. ಇಲ್ಲಿ ಬನ್ನಿ ಒಂದು ಭಾನುವಾರ. ಆ ದಿನ ಮೂವತ್ತೊಂದು ಪೇಶಂಟು, ನರ್ಸು ಇಬ್ಬರೇ, ನಾನು ಮತ್ತು ಸ್ನೇಹಲ್. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರ ವಾರ್ಡಿಗೆ ಒಂದೇ, ಅದೂ ಐಸಿಯುದವರು ಒಯ್ದು ಕೂತಿದ್ದರು. ಐದು ಡಿಸ್ಚಾರ್ಜು. ಡಿಸ್ಚಾರ್ಜಿನ ಕಾಗದ ತಡವಾದರೆ ಮನೆಯವರು ನಮ್ಮ ಮೈಮೇಲೆ ಬರುತ್ತಾರೆ. ಹಾಸಿಗೆ ಬದಲಿಸಲು ಆಯಾ ಮೌಶಿ ಬಂದಿರಲಿಲ್ಲ, ಅದನ್ನೂ ನಾವೇ ಬದಲಿಸಿದೆವು. ಸಲೈನ್ ಮುಗಿದ ಬಾಟಲಿಗಳು ಮೂರು ಕಡೆ ತೂಗುತ್ತಿದ್ದವು. ಮೂರು ವರ್ಷ ಓದಿ, ಪರೀಕ್ಷೆ ಪಾಸಾಗಿ, ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿ ನಾನು ಸಂಪಾದಿಸಿದ ಮೊದಲ ನೌಕರಿ ಇದು. ಮಧ್ಯಾಹ್ನ ಊಟ ಮಾಡಿದ ದಿನ ಬೆರಳಲ್ಲಿ ಎಣಿಸಬಹುದು.

ಆರು ತಿಂಗಳ ಮಾತು ನೀವೇ ತೆಗೆದಿರಿ, ಆದ್ದರಿಂದ ಹೇಳುತ್ತೇನೆ. ನಮ್ಮ ಬ್ಯಾಚಿನ ನಲವತ್ತು ಹುಡುಗಿಯರೂ ಇಪ್ಪತ್ತೇ ಬರೆಯುತ್ತಿದ್ದರು. ತಡೆದದ್ದು ನನ್ನೊಬ್ಬಳನ್ನು. ಯಾಕೆಂದರೆ ಇಡೀ ಸ್ಕೂಲಿನಲ್ಲಿ ನಿಮ್ಮ ಭಾಷೆಯವಳು ನಾನೊಬ್ಬಳೇ. ನನ್ನನ್ನು ಬಿಟ್ಟರೆ ತಮ್ಮವಳೆಂದು ಬಿಟ್ಟರು ಅಂತ ಯಾರಾದರೂ ಅಂದಾರು ಎಂಬ ಹೆದರಿಕೆ ನಿಮಗೆ. ನಿಮ್ಮ ಹೆಸರು ಚೊಕ್ಕ ಇಟ್ಟುಕೊಳ್ಳಲು ನನ್ನ ಆರು ತಿಂಗಳು ತೆಗೆದುಕೊಂಡಿರಿ.

ಈ ವರ್ಷ ನರ್ಸಿಂಗ್ ಡಿಗ್ರಿಗೆ, ಪೋಸ್ಟ್ ಬೇಸಿಕ್ ಬಿಎಸ್ಸಿಗೆ, ಅರ್ಜಿ ಹಾಕಿದ್ದೇನೆ. ಲಿಸ್ಟಿನಲ್ಲಿ ಹೆಸರು ಬಂದಿದೆ. ಎರಡು ವರ್ಷ ಓದಿದರೆ ಈ ವಾರ್ಡಿನಿಂದ ಪಾರಾಗುತ್ತೇನೆ. ಈ ಸಲ ಅಡ್ಡ ಬರಬೇಡಿ.

ಒಂದೇ ಪದದಲ್ಲಿ ಉತ್ತರ ಕೇಳಿದ್ದಿರಿ. ಎಣಿಸಿದೆ.

ಸಪ್ನಾ


ಚೆಂಬೂರು
29 ಜೂನ್ 2024

ಸಪ್ನಾಳಿಗೆ,

ಎಣಿಸಿದೆ ಎಂದು ಬರೆದಿದ್ದೀಯ. ಸುಳ್ಳು.

ಆರೋಗ್ಯವಾಗಿರುವ ಮನುಷ್ಯನೂ ನಾಲ್ಕು ಗಂಟೆ ಹೊತ್ತು ಅಳೆದು ಇಪ್ಪತ್ತೇ ಉಸಿರಾಡುವುದಿಲ್ಲ. ನೀನು ಬರೆದ ಸಾಲು ನೋಡಿದರೆ ನಮ್ಮ ಯಜಮಾನರು ಸಾಯುವ ಒಂದು ಗಂಟೆ ಇಪ್ಪತ್ತು ನಿಮಿಷದ ಮೊದಲು ಆರಾಮವಾಗಿ ಮಲಗಿದ್ದರು. ಅವರು ಒಳ್ಳೆಯ ಮನುಷ್ಯರೆಂದು ನೀನು ಸರ್ಟಿಫಿಕೇಟು ಕೊಡಬೇಕಾಗಿಲ್ಲ. ಅವರ ಹತ್ತಿರ ನಿಂತು ಅರವತ್ತು ಸೆಕೆಂಡು ಕೊಟ್ಟಿದ್ದರೆ ಸಾಕಿತ್ತು.

ನಲವತ್ತು ಹುಡುಗಿಯರೂ ಸುಳ್ಳು ಬರೆದರು ಎಂದೆಯಲ್ಲ. ಉಳಿದ ಮೂವತ್ತೊಂಬತ್ತು ಮಂದಿ ಮಂಚದಲ್ಲಿ ಯಾರಾದರೂ ಇದ್ದಾರೆಯೇ ಎಂದಾದರೂ ನೋಡಿ ಬರೆದರು. ನಿನಗೆ ಅಷ್ಟೂ ಪುರುಸೊತ್ತಿರಲಿಲ್ಲ. ಭಾಷೆಯ ಮಾತನ್ನು ಇದರಲ್ಲಿ ತರಬೇಡ, ನನಗೆ ಅಸಹ್ಯವಾಗುತ್ತದೆ.

ನಿನ್ನ ಬಿಎಸ್ಸಿಯ ವಿಷಯ ನನಗೆ ತಿಳಿದಿರಲಿಲ್ಲ, ತಿಳಿಸಿದ್ದು ಒಳ್ಳೆಯದಾಯಿತು. ಇವತ್ತು ಬಿಎಸ್ಸಿ, ನಾಳೆ ಎಂಎಸ್ಸಿ, ಆಚೆ ನಾಡಿದ್ದು ನೀನೇ ಟ್ಯೂಟರ್ ಆಗಿ ಹುಡುಗಿಯರ ಮುಂದೆ ನಿಲ್ಲುತ್ತೀಯ. ನಿಂತು ಏನನ್ನು ಕಲಿಸುತ್ತೀಯ? ಪಾರಾಗುವುದನ್ನೇ?

ಜುಲೈ ಇಪ್ಪತ್ತರವರೆಗೆ ಕಾಯುತ್ತೇನೆ. ನಿಜ ಬರೆದು ಕಳಿಸು. ಇಲ್ಲವಾದರೆ ನರ್ಸಿಂಗ್ ಕೌನ್ಸಿಲಿಗೆ ದೂರು ಹೋಗುತ್ತದೆ. ನಿನ್ನ ನೋಂದಣಿ ಉಳಿಸಬೇಕೋ ಬೇಡವೋ ಎಂದು ಅವರು ನೋಡಿಕೊಳ್ಳುತ್ತಾರೆ.

ಅಲಮೇಲು


ಜೋಗೇಶ್ವರಿ
17 ಜುಲೈ 2024

ಅಲಮೇಲು ಮೇಡಮ್‌ಗೆ,

ಸರಿ. ಎಣಿಸಲಿಲ್ಲ.

ಮೊದಲ ಕಾಗದದಲ್ಲಿ ಸುಳ್ಳು ಬರೆದೆ. ನೌಕರಿಗೆ ಸೇರಿದ ಮೊದಲ ವಾರವೇ ನಮ್ಮ ಇನ್‌ಚಾರ್ಜ್ ಸಿಸ್ಟರ್ ಕಲಿಸಿದ್ದು ಇದನ್ನೇ. ಚಾರ್ಟಿನಲ್ಲಿ ಒಂದು ಮನೆ ಖಾಲಿ ಇದ್ದರೆ ಡಾಕ್ಟರು ಕೇಳುತ್ತಾರೆ, ತುಂಬಿದ ಮನೆಯನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಖಾಲಿ ಬಿಡಬೇಡ ಎಂದರು. ನಾನು ಬಿಡಲಿಲ್ಲ. ಎರಡು, ಮೂರು, ನಾಲ್ಕು, ಐದು ಗಂಟೆಯ ಮನೆಗಳನ್ನು ಎಣಿಸದೇ ತುಂಬಿದೆ. ಬೇಕಾದರೆ ಈ ಹಾಳೆಗೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿಕೊಳ್ಳಿ.

ಈಗ ಒಂದು ಗಂಟೆಯ ಇಪ್ಪತ್ತಿನ ಲೆಕ್ಕ. ಅದಕ್ಕೆ ಈ ಎರಡನೆಯ ಹಾಳೆ ತೆಗೆದುಕೊಂಡಿದ್ದೇನೆ.

ಒಂದು ಗಂಟೆಗೆ ನಾನು ವಾಚು ಹಿಡಿದು ಹನ್ನೊಂದನೆಯ ಮಂಚಕ್ಕೆ ಬಂದಿದ್ದೆ, ಎಣಿಸಲೆಂದೇ ಬಂದಿದ್ದೆ. ಪೇಶಂಟು ನಿಮ್ಮವರು, ಹೇಗೆ ಎಣಿಸದಿರಲಿ? ನೀವು ಚೀಲ ಹೆಗಲಿಗೆ ಹಾಕಿಕೊಂಡು ಹೊರಟು ನಿಂತಿದ್ದಿರಿ. ನನ್ನನ್ನು ನೋಡಿದ್ದೇ ತಡ, ಅದೇ ಕ್ಲಾಸಿನ ದನಿ.

"ಈಗ ತಾನೆ ನಾನೇ ಎಣಿಸಿದೀನಿ. ಇಪ್ಪತ್ತು. ಬರ್ಕೋ. ನಿದ್ದೆ ಹತ್ತಿದೆ, ಎಬ್ಬಿಸ್ಬೇಡ."

ನೆನಪಾಯಿತೇ? ನಾನು ವಾಚು ಜೇಬಿಗೆ ಹಾಕಿ ಬರೆದುಕೊಂಡೆ. ನಲವತ್ತು ಹುಡುಗಿಯರನ್ನು ಹೆದರಿಸಿ ಎಣಿಸುವುದನ್ನು ಕಲಿಸಿದವರು, ತಮ್ಮ ಗಂಡನ ಉಸಿರನ್ನು ತಾವೇ ಎಣಿಸಿ ಹೇಳಿದ್ದಾರೆ. ಅದರ ಮೇಲೆ ನಾನು ಏನು ಮಾಡಲಿ? ಆಮೇಲಿನ ನಾಲ್ಕು ಮನೆಗೂ ಅದನ್ನೇ ಇಳಿಸಿದೆ. ನಿಮ್ಮ ಇಪ್ಪತ್ತು ಸಂಜೆಯವರೆಗೆ ಬಾಳುತ್ತದೆ ಎಂದುಕೊಂಡೆ.

ದೂರು ಕೊಡುವುದಾದರೆ ಕೊಡಿ. ಆದರೆ ಒಂದು ಗಂಟೆಯಿಂದ ಶುರು ಮಾಡಿ.

ಸಪ್ನಾ


ಚೆಂಬೂರು
22 ಜುಲೈ 2024

ಸಪ್ನಾಳಿಗೆ,

ನಾನು ಅಂಥ ಮಾತು ಆಡಿಲ್ಲ. ಮೂವತ್ತೆಂಟು ವರ್ಷದ ನನ್ನ ಕೆಲಸದಲ್ಲಿ ಡ್ಯೂಟಿ ನರ್ಸಿಗೆ ಏನು ಬರೆಯಬೇಕೆಂದು ಹೊರಗಿನವಳಾಗಿ ನಿಂತು ಹೇಳಿದವಳಲ್ಲ. ಸಿಕ್ಕಿಬಿದ್ದಾಗ ಪಕ್ಕದವರ ಸೆರಗು ಹಿಡಿಯುವುದು ನಿನ್ನ ಹಳೆಯ ಚಾಳಿ. ಎಕ್ಸ್‌ರೇ ಹೆಂಗಸಿನ ದಿನವೂ ಯಾರೋ ಸೀನಿಯರ್ ಬರೆದುಕೊಳ್ಳಲು ಹೇಳಿದಳು ಎಂದಿದ್ದೆ.

ನಿಜ ಕೇಳಿದ್ದೆ, ನೀನು ಅದಕ್ಕೆ ಸುಳ್ಳು ಬೆರೆಸಿ ಕಳಿಸಿದೆ. ಇವತ್ತು ಬೆಳಿಗ್ಗೆ ಕೌನ್ಸಿಲಿಗೆ ದೂರು ಕಳಿಸಿದೆ. ಚಾರ್ಟಿನ ನಕಲಿನ ಜೊತೆಗೆ ನಿನ್ನ ಕಾಗದದ ಮೊದಲ ಹಾಳೆಯನ್ನೂ ಅದರ ಮರಾಠಿ ಅನುವಾದವನ್ನೂ ಇಟ್ಟಿದ್ದೇನೆ. ಎರಡನೆಯ ಹಾಳೆಗೂ ದೂರಿಗೂ ಸಂಬಂಧವಿಲ್ಲ.

ಇನ್ನು ನನಗೆ ಬರೆಯುವ ಅಗತ್ಯವಿಲ್ಲ.

ಅಲಮೇಲು


ಜೋಗೇಶ್ವರಿ
5 ಸೆಪ್ಟೆಂಬರ್ 2024

ಅಲಮೇಲು ಮೇಡಮ್‌ಗೆ,

ಅಗತ್ಯವಿಲ್ಲವೆಂದು ಬರೆದಿದ್ದಿರಿ. ನನಗಿದೆ.

ಮೊದಲ ಹಾಳೆ ಇಟ್ಟು ಎರಡನೆಯದನ್ನು ಬಚ್ಚಿಟ್ಟಿರಿ. ನಾನು ಖಾಲಿ ಮನೆ ತುಂಬಿದವಳು, ನೀವು ತುಂಬಿದ ಹಾಳೆ ಖಾಲಿ ಮಾಡಿದವರು. ಯಾರು ಯಾರಿಗೆ ಗುರುವೋ ತಿಳಿಯದಾಗಿದೆ.

ಕೌನ್ಸಿಲಿನ ನೋಟೀಸು ಬಂತು. ನಕಲು ನರ್ಸಿಂಗ್ ಹೋಮಿಗೂ ಹೋಗಿತ್ತು, ಅವರು ಅದೇ ಸಂಜೆ ಯೂನಿಫಾರ್ಮು ವಾಪಸು ಇಸಿದುಕೊಂಡರು. ಖಾಲಿ ಬಿಡಬೇಡ ಎಂದು ಕಲಿಸಿದ ಇನ್‌ಚಾರ್ಜ್ ಸಿಸ್ಟರೇ ನಿಂತು ಲಾಕರಿನ ಬೀಗ ತೆಗೆಸಿದರು. ಕಾಲೇಜಿನವರು ಅಕ್ಟೋಬರ್ ಹದಿನೈದರವರೆಗೆ ನನ್ನ ಸೀಟು ಹಿಡಿದಿಡುತ್ತಾರಂತೆ. ಅಷ್ಟರೊಳಗೆ ಕೌನ್ಸಿಲಿನಿಂದ ನೋಂದಣಿ ಸರಿಯಿದೆ ಎಂಬ ಕಾಗದ ಒಯ್ದು ಕೊಡದಿದ್ದರೆ ವೇಟಿಂಗ್ ಲಿಸ್ಟಿನಲ್ಲಿ ಇರುವವಳಿಗೆ ಹೋಗುತ್ತದೆ. ನೌಕರಿ ಹೋಯಿತು. ಸೀಟೂ ಹೋದರೆ, ನೋಂದಣಿಯೂ ಹೋದರೆ, ನಾನು ಹನ್ನೆರಡನೆಯ ಕ್ಲಾಸು ಪಾಸಾದ ಹುಡುಗಿ, ಅಷ್ಟೇ. ನಮ್ಮವ್ವ ಕಸ್ತೂರಿಬಾಯಿ ರೊಟ್ಟಿ ಬಡಿಯುವುದು ಮೂರು ಮನೆಗಳಲ್ಲಿ, ನಾನು ನಾಲ್ಕನೆಯದು ಹುಡುಕಿಕೊಂಡು ಹೋಗಬೇಕು.

ಸ್ನೇಹಲ್ ಆ ಹೊತ್ತಿಗೆ ಪಕ್ಕದ ಮಂಚದಲ್ಲಿ ಸಲೈನ್ ಹಾಕುತ್ತಿದ್ದಳು. ನೀವು ಹೇಳಿದ್ದು ಅವಳ ಕಿವಿಗೆ ಬಿದ್ದಿದೆ. ಆದರೆ ನೀವು ಹೇಳಿದ್ದು ಕನ್ನಡದಲ್ಲಿ, ಅವಳಿಗೆ ತಿಳಿದಿಲ್ಲ. ತಿಳಿದಿದ್ದರೂ ಹೇಳುತ್ತಿರಲಿಲ್ಲ, ಅವಳಿಗೂ ನೌಕರಿ ಬೇಕು. ಆದ್ದರಿಂದ ಆ ಮಾತು ಕೇಳಿದವಳು ನಾನೊಬ್ಬಳು, ಆಡಿದವರು ನೀವೊಬ್ಬರು.

ನಮ್ಮಪ್ಪ ನನಗೆ ಹೇಳದೇ ಚೆಂಬೂರಿಗೆ ಬಂದು ನಿಮ್ಮ ಬಾಗಿಲಿನ ಮುಂದೆ ಎರಡು ತಾಸು ನಿಂತು ಹೋದ. ಬೆಲ್ಲು ಒತ್ತೇ ಒತ್ತಿದನಂತೆ. "ಒಳಗ ಟಿವಿ ಬೆಳಕ ಕಾಣತಿತ್ತು, ಬಾಗಲಾ ತಗೀಲಿಲ್ಲ ನೋಡವಾ, ನಮ್ಮಂಥವರಿಗೆ ಅವರು ಯಾಕ ತಗೀತಾರ" ಎಂದು ಬಂದು ಕೂತ. ನಿಮಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ. ನಿಮ್ಮ ಮೇಲೆ ಅವನ ಸಿಟ್ಟು ಇಳಿಯುವುದು ನನಗೆ ಬೇಕಾಗಿರಲಿಲ್ಲ.

ವಿಚಾರಣೆ ಸೆಪ್ಟೆಂಬರ್ ಮೂವತ್ತಕ್ಕೆ. ದೂರು ಕೊಟ್ಟವರು ನೀವಾದ್ದರಿಂದ ನಿಮ್ಮನ್ನೂ ಕರೆದಿದ್ದಾರೆ. ನಾನು ಕಾಲು ಹಿಡಿಯುವುದಿಲ್ಲ. ನನ್ನ ತಪ್ಪು ನಾನು ಹೇಳುತ್ತೇನೆ. ನೀವು ಒಂದು ಗಂಟೆಗೆ ಏನಂದಿರಿ ಎಂಬುದನ್ನು ಹೇಳಿ. ಅಷ್ಟು ಹೇಳದಿದ್ದರೆ ನಿಮ್ಮ ಮೂವತ್ತೆಂಟು ವರ್ಷಕ್ಕೆ ಬೆಂಕಿ ಬಿತ್ತು.

ಸಪ್ನಾ


ಚೆಂಬೂರು
3 ಅಕ್ಟೋಬರ್ 2024

ಸಪ್ನಾಳಿಗೆ,

ಬಂದಿದ್ದೆ, ಹೇಳಿದೆ. ನೀನು ಕೇಳಿದೆ.

ಮೇಜಿನಾಚೆ ಕೂತ ಮೂವರ ತುಟಿ ಆಡುವುದು ಮಾತ್ರ ನನಗೆ ಕಾಣುತ್ತಿತ್ತು. ನನಗೆ ಕೇಳಿಸುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ನಿನಗೇ ಸನ್ನೆ ಮಾಡಿದರು. ನೀನು ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದೆ. "ಒಂದ ಗಂಟೆಕ್ಕ ನೀವು ಇಪ್ಪತ್ತು ಅಂತ ಹೇಳಿದ್ರೇನು, ಕೇಳಾಕ್ಹತ್ತಾರ." ಆ ದನಿಯಲ್ಲಿ ಎಷ್ಟು ವಿಷವಿತ್ತೆಂದು ನನಗೆ ಗೊತ್ತಾಯಿತು. ಆದರೂ ಹೌದು ಎಂದೆ. ಹೇಳಿದ್ದೆ ಎಂದೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು, ಎಣಿಸಿ ಹೇಳಿದ್ದೋ ಎಂದು. ಎಣಿಸಿಯೇ ಹೇಳಿದ್ದು ಎಂದೆ.

ಜುಲೈನಲ್ಲಿ ಅಂಥ ಮಾತು ಆಡಿಲ್ಲ ಎಂದು ಬರೆದದ್ದು ತಪ್ಪು. ನಿನ್ನ ಕಾಗದ ಓದಿದ ಕ್ಷಣವೇ ನೆನಪಾಗಿತ್ತು. ಅಷ್ಟು ಒಪ್ಪಿಕೊಂಡಿದ್ದೇನೆ, ಮೂವರ ಎದುರಿಗೆ ಒಪ್ಪಿಕೊಂಡಿದ್ದೇನೆ. ಇನ್ನು ನಿನಗೂ ನನಗೂ ಬಾಕಿ ಇಲ್ಲ.

ಆಮೇಲೆ ಅವರು ಏನು ತೀರ್ಮಾನ ಮಾಡಿದರೆಂದು ನನಗೆ ತಿಳಿಯಲಿಲ್ಲ. ನೀನು ಯಾರ ಕಡೆಗೂ ನೋಡದೆ ಎದ್ದು ಹೋದೆ. ಏನಾಯಿತೆಂದು ಬರಿ.

ಅಲಮೇಲು


ಜೋಗೇಶ್ವರಿ
12 ಅಕ್ಟೋಬರ್ 2024

ಅಲಮೇಲು ಮೇಡಮ್‌ಗೆ,

ಏನಾಯಿತೆಂದು ಕೇಳಿದ್ದೀರಿ. ನಿಮ್ಮ ಎರಡನೆಯ ಉತ್ತರದಿಂದ ನಾನು ಮುಳುಗಿದೆ.

ಅವರು ಬರೆದುಕೊಟ್ಟ ಆದೇಶದ ತಿರುಳು ಇಷ್ಟು. ಒಂದು ಗಂಟೆಗೆ ಅನುಭವಿ ನರ್ಸೊಬ್ಬರು ಎಣಿಸಿದಾಗ ಪೇಶಂಟಿನ ಉಸಿರು ಸರಿಯಾಗಿತ್ತು. ಕೆಟ್ಟದ್ದು ಅದಾದ ಮೇಲೆ. ಕೆಡುತ್ತಿದ್ದಾಗ ಡ್ಯೂಟಿ ನರ್ಸು ನಾಲ್ಕು ಸಲ ನೋಡದೇ ಬರೆದಳು. ಆದ್ದರಿಂದ ನೋಂದಣಿ ಆರು ತಿಂಗಳು ಅಮಾನತು. ಸೀಟು ವೇಟಿಂಗ್ ಲಿಸ್ಟಿನವಳಿಗೆ ಹೋಗುತ್ತದೆ, ಮೊನ್ನೆ ಕಾಲೇಜಿನಿಂದ ಫೋನು ಬಂತು. ನಿಮ್ಮ ಲೆಕ್ಕದಲ್ಲಿ ಬಾಕಿ ಇಲ್ಲವಂತೆ. ನಿಮ್ಮ ಯಜಮಾನರನ್ನು ಒಂದು ಗಂಟೆಗೆ ನನ್ನ ಕೈಗೆ ಆರೋಗ್ಯವಾಗಿ ಒಪ್ಪಿಸಿ ಹೋದಿರಿ, ನಾನು ಐದಕ್ಕೆ ಹಾಳು ಮಾಡಿ ವಾಪಸು ಕೊಟ್ಟೆ. ಹೀಗಾಯಿತು ಕಥೆ.

ಮೇಡಮ್, ನೀವು ಎಣಿಸಿಲ್ಲ.

ಹೇಗೆ ಗೊತ್ತು ಎಂದರೆ, ನಾನು ಆ ಸುಳ್ಳಿನಲ್ಲಿ ಪಳಗಿದವಳು. ನಿಜವಾಗಿ ಎಣಿಸಿದವರ ಬಾಯಲ್ಲಿ ಇಪ್ಪತ್ತು ಬರುವುದೇ ಅಪರೂಪ. ಹತ್ತೊಂಬತ್ತು ಅನ್ನುತ್ತಾರೆ, ಇಪ್ಪತ್ತೆರಡು ಅನ್ನುತ್ತಾರೆ, ನಡುವೆ ಕೆಮ್ಮು ಬಂತು ಇನ್ನೊಮ್ಮೆ ನೋಡುತ್ತೇನೆ ಅನ್ನುತ್ತಾರೆ. ನೀವು ಚೀಲದ ಜಿಪ್ಪು ಎಳೆಯುತ್ತಾ ಮುಖ ಎತ್ತದೆ ಇಪ್ಪತ್ತು ಎಂದಿರಿ. ನ್ಯುಮೋನಿಯಾ ಆದ ಎಪ್ಪತ್ತೊಂದು ವರ್ಷದವರಿಗೆ ಇಪ್ಪತ್ತು. ಅದು ನಾನು ಮಂಚದಲ್ಲಿ ಇಲ್ಲದ ಹೆಂಗಸಿಗೆ ಬರೆದ ಇಪ್ಪತ್ತೇ. ಆ ದಿನ ಅದು ನನಗೆ ಗೊತ್ತಾಗಲಿಲ್ಲ, ನಿಮ್ಮ ಭಯದಲ್ಲಿ ನನ್ನ ಬುದ್ಧಿ ಕೆಲಸ ಮಾಡಲಿಲ್ಲ. ಮೂವತ್ತನೆಯ ತಾರೀಕು ನಿಮ್ಮ ಕಿವಿಯ ಹತ್ತಿರ ಬಗ್ಗಿದಾಗ ಗೊತ್ತಾಯಿತು. ಎಣಿಸಿಯೇ ಹೇಳಿದ್ದು ಎನ್ನುವಾಗ ನೀವು ನನ್ನನ್ನು ನೋಡಲಿಲ್ಲ.

ಅಪೀಲು ಹಾಕಲು ಆದೇಶದ ದಿನದಿಂದ ಮೂವತ್ತು ದಿನ ಇದೆ. ಹೊಸ ಸಾಕ್ಷಿ ಬೇಕಂತೆ. ನನ್ನ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದೆ. ಇನ್ನೂ ಮುಚ್ಚಿಟ್ಟುಕೊಂಡು ಇನ್ನೊಬ್ಬರ ಮಕ್ಕಳಿಗೆ ಬುದ್ಧಿ ಹೇಳುತ್ತಾ ಇರಿ.

ಸಪ್ನಾ


ಚೆಂಬೂರು
19 ಅಕ್ಟೋಬರ್ 2024

ಸಪ್ನಾಳಿಗೆ,

ಎಣಿಸಲಿಲ್ಲ.

ಅರ್ಧ ಬರೆದು ನಾಲ್ಕು ಸಲ ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಶುಕ್ರವಾರದಿಂದ ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಭಾನುವಾರ ಹನ್ನೆರಡೂವರೆಗೆ ಎರಡು ಚಮಚ ಗಂಜಿ ಕುಡಿಸಿದೆ. ಮೂರನೆಯದು ಕುಡಿಯಲಿಲ್ಲ, ಉಸಿರಾಡುವುದಕ್ಕೇ ಬಾಯಿ ಬೇಕಾಗಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ಅದನ್ನು ನೋಡಿದರೆ ಏನು ಮಾಡಬೇಕೆಂದು ಮೂವತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ.

ನನಗೆ ಗೊತ್ತಾಯಿತು, ಸಪ್ನಾ. ಇವರು ಹೋಗುತ್ತಾರೆ ಎಂದು ಗೊತ್ತಾಯಿತು. ಎಷ್ಟೋ ಜನರ ಗಂಡಂದಿರ ಪಕ್ಕ ನಿಂತು ನೋಡಿದ್ದೇನೆ, ನನ್ನದನ್ನು ನೋಡಲು ಆಗಲಿಲ್ಲ. ಅಲ್ಲಿಂದ ಎದ್ದು ಹೋಗಬೇಕು ಎಂಬುದೊಂದೇ ತಲೆಯಲ್ಲಿ ಇದ್ದದ್ದು. ಎಣಿಸಿದ್ದರೆ ಹೋಗುವ ಹಾಗಿರಲಿಲ್ಲ. ಮೂವತ್ತು ದಾಟಿದೆ ಎಂದು ಬಾಯಿ ಬಿಟ್ಟು ಹೇಳಿದ ಮೇಲೆ ಯಾವ ಹೆಂಡತಿ ಸ್ನಾನಕ್ಕೆ ಹೋಗುತ್ತಾಳೆ? ಅದಕ್ಕೆ ಎಣಿಸಲಿಲ್ಲ. ನೀನು ವಾಚು ಹಿಡಿದು ಬರುವುದು ಕಂಡಿತು. ನೀನು ಎಣಿಸಿದರೂ ನಾನು ಕೂರಬೇಕಾಗುತ್ತಿತ್ತು. ಅದಕ್ಕೇ ಇಪ್ಪತ್ತು ಎಂದೆ.

ಮನೆಗೆ ಬಂದು ಸ್ನಾನ ಮಾಡಲಿಲ್ಲ. ಫ್ರಿಜ್ಜಿನಲ್ಲಿದ್ದ ಹುಳಿಯನ್ನ ತಿಂದು, ಫ್ಯಾನು ಹಾಕಿ ಮಲಗಿದೆ. ಒಳ್ಳೆಯ ನಿದ್ದೆ ಬಂತು. ನಾಲ್ಕೂ ಕಾಲಿಗೆ ಎಚ್ಚರವಾಯಿತು. ಇದನ್ನು ಯಾರಿಗೂ ಹೇಳಿಲ್ಲ.

ಈ ಕಾಗದವನ್ನು ಅಪೀಲಿನ ಜೊತೆ ಕೊಡು. ಎಲ್ಲ ಹಾಳೆಗಳನ್ನೂ ಕೊಡು, ನಾನು ಮಾಡಿದ ಹಾಗೆ ಮಾಡಬೇಡ. ಕರೆದರೆ ಬರುತ್ತೇನೆ, ಕೇಳಿದ್ದಕ್ಕೆ ಇದನ್ನೇ ಹೇಳುತ್ತೇನೆ. ಪರೀಕ್ಷಕರ ಪಟ್ಟಿಯಿಂದ ನನ್ನ ಹೆಸರು ತೆಗೆಯಲು ಸ್ಕೂಲಿಗೆ ಬರೆದಿದ್ದೇನೆ. ಇನ್ನು ಯಾರ ಆರು ತಿಂಗಳನ್ನೂ ನಾನು ತಡೆಯುವುದಿಲ್ಲ.

ನಿನ್ನನ್ನು ಕ್ಷಮಿಸಿದೆ ಎಂದು ತಿಳಿಯಬೇಡ. ಒಂದು ಗಂಟೆಯದು ನನ್ನದು. ಎರಡು, ಮೂರು, ನಾಲ್ಕು, ಐದು ನಿನ್ನವೇ. ಆ ನಾಲ್ಕರಲ್ಲಿ ಒಂದು ಸಲ ನೀನು ನಿಂತು ನೋಡಿದ್ದರೆ ಎಂದು ನಾನು ದಿನವೂ ಶಪಿಸುತ್ತೇನೆ. ನಿನ್ನನ್ನು ಶಪಿಸಿ ಮುಗಿದ ಮೇಲೆ ನನ್ನ ಸರದಿ.

ಅಲಮೇಲು


ಜೋಗೇಶ್ವರಿ
26 ಅಕ್ಟೋಬರ್ 2024

ಅಲಮೇಲು ಮೇಡಮ್‌ಗೆ,

ನಿಮ್ಮ ಕಾಗದ ಬಂದ ದಿನ ಗೆದ್ದೆ ಎಂದುಕೊಂಡೆ. ನಮ್ಮಪ್ಪನಿಗೆ ಓದಿ ಹೇಳಿದೆ. ಅವನು ಕೇಳಿಸಿಕೊಂಡು, "ಪಾಪ, ಆಕೀನೂ ಹೆದರಿದ್ಳು" ಎಂದ. ನನಗೆ ಅವನ ಮೇಲೆ ಸಿಟ್ಟು ಬಂತು. ನಿಮ್ಮನ್ನು ಪಾಪ ಅನ್ನಲು ನನ್ನಿಂದ ಆಗದು, ಈಗಲೂ ಆಗದು.

ಅಪೀಲು ನಿನ್ನೆ ಕೊಟ್ಟು ಬಂದೆ. ನಿಮ್ಮ ಕಾಗದದ ಎಲ್ಲ ಹಾಳೆಗಳನ್ನೂ ಮರಾಠಿ ಅನುವಾದದ ಜೊತೆ ಇಟ್ಟಿದ್ದೇನೆ. ಈಗ ಕೆಳಗೆ ನಿಮಗೆ ಬರೆಯುವುದನ್ನು ಮರಾಠಿಯಲ್ಲಿ ಒಂದು ಹೇಳಿಕೆಯಾಗಿ ಬರೆದು ಅದನ್ನೂ ಇಟ್ಟಿದ್ದೇನೆ. ಅಲ್ಲಿನ ಕ್ಲಾರ್ಕು ಓದಿ, ಇದನ್ನು ಇಟ್ಟರೆ ನಿನ್ನ ಅಪೀಲು ನೀನೇ ಕೆಡಿಸಿಕೊಂಡ ಹಾಗೆ, ತೆಗೆದುಬಿಡು ಎಂದ. ತೆಗೆಯಲಿಲ್ಲ. ಆರು ತಿಂಗಳು ಎಂಟಾಗಲಿ, ವರ್ಷವಾಗಲಿ, ಅವರು ನೋಡಿಕೊಳ್ಳಲಿ. ನೋಂದಣಿ ವಾಪಸು ಸಿಕ್ಕರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ.

ನಾಲ್ಕರಲ್ಲಿ ಒಂದು ಸಲವೂ ನಾನು ನಿಂತು ನೋಡಲಿಲ್ಲ ಎಂದು ಬರೆದಿದ್ದೀರಿ. ಅದು ತಪ್ಪು. ಮೂರು ಗಂಟೆಗೆ ನಿಂತೆ, ನೋಡಿದೆ.

ಅವರು ಮಲಗಿರಲಿಲ್ಲ. ದಿಂಬನ್ನು ಮಡಿಲಿಗೆ ಎಳೆದುಕೊಂಡು ಅದರ ಮೇಲೆ ಮೊಣಕೈ ಊರಿ ಕೂತಿದ್ದರು. ನೀವು ಬರೆದ ಹೊಳ್ಳೆ, ಪಕ್ಕೆಲುಬು, ಎಲ್ಲ ನನಗೂ ಕಂಡಿತು. ಕಲಿಸಿದ್ದೀರಲ್ಲ. ಎಣಿಸಿದರೆ ಡಾಕ್ಟರನ್ನು ಆಪರೇಷನ್ ಥಿಯೇಟರಿನಿಂದ ಕರೆಸಬೇಕು, ಬೈಸಿಕೊಳ್ಳಬೇಕು, ಐಸಿಯುದವರ ಹತ್ತಿರ ಜಗಳ ಮಾಡಿ ಯಂತ್ರ ತರಬೇಕು, ಡಿಸ್ಚಾರ್ಜಿನವರು ಬಾಗಿಲಲ್ಲಿ ಕೂಗುತ್ತಿದ್ದಾರೆ. ಜೇಬಿನಲ್ಲಿ ವಾಚಿನ ಮೇಲೆ ಕೈ ಇಟ್ಟುಕೊಂಡು ನಿಂತೆ, ಹೊರಗೆ ತೆಗೆಯಲಿಲ್ಲ. ಮೇಡಮ್ ಇಪ್ಪತ್ತು ಎಂದಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮ ಭಯವೂ ಇರಲಿಲ್ಲ ಆಗ, ನಿಮ್ಮ ಮಾತು ನನಗೆ ಅನುಕೂಲವಾಗಿತ್ತು.

ಇನ್ನೊಂದು ಇದೆ. ಜೂನ್‌ನಲ್ಲೇ ಹೇಳಬಹುದಿತ್ತು. ನಿಮಗೆ ಸಮಾಧಾನವಾಗಬಾರದು ಎಂದು ಬೇಕಂತಲೇ ಹೇಳಲಿಲ್ಲ.

ಅವರು ನನ್ನನ್ನು ನೋಡಿ, ಅಲಮೇಲು ಬಂದಳೇ ಎಂದು ಕೇಳಿದರು. ಇಲ್ಲ, ಮನೆಗೆ ಯಾರನ್ನಾದರೂ ಕಳಿಸಿ ಕರೆಸಲೇ ಎಂದೆ. ಅವರು ಕೈ ಅಲ್ಲಾಡಿಸಿದರು.

"ಬೇಡ ತಾಯಿ. ಮಲಗಿರ್ತಾಳೆ. ಎರಡು ದಿನದಿಂದ ಕೂತಿದಾಳೆ. ಮಲಗ್ಲಿ ಬಿಡು."

ಅಷ್ಟು ಹೇಳಲು ಅವರು ನಡುವೆ ನಾಲ್ಕು ಸಲ ನಿಂತು ಉಸಿರೆಳೆದುಕೊಂಡರು. ನಾನು ಇಪ್ಪತ್ತು ಎಂದು ಬರೆದು ಹನ್ನೆರಡನೆಯ ಮಂಚಕ್ಕೆ ಹೋದೆ.

ಸಪ್ನಾ